ಕರೀ ಹೊಗೆ ಬಂದ್ರೆ ಮೊದಲು ಗಾಳಿ ನೋಡಿ

ನಾನು ಬಿ.ಕಾಂ ಓದಿದವನು, ಮೆಕ್ಯಾನಿಕ್ ಅಲ್ಲ. ಆದ್ರೆ ಕಳೆದ ತಿಂಗಳು ಶಿರಾಡಿ ಘಾಟಿ ಹತ್ತುವಾಗ ಅಪ್ಪನ ಹಳೇ ಡೀಸೆಲ್ ಜೀಪು ಎಳೆಯೋದನ್ನೇ ಬಿಡ್ತು, ಹಿಂದೆ ನೋಡಿದ್ರೆ ಕರೀ ಹೊಗೆ. ಗ್ಯಾರೇಜಿನಲ್ಲಿ, ‘ಪಂಪು, ಇಂಜೆಕ್ಟರ್ ಎಲ್ಲಾ ಬಿಚ್ಚಬೇಕು, 40 ಸಾವಿರ ಆಗುತ್ತೆ’ ಅಂದ್ರು. ಅಪ್ಪ ಗಾಡಿ ಮಾರೋಕೇ ಹೊರಟ್ರು.

ಕಪ್ಪು ಹೊಗೆ ಅಂದ್ರೆ ಪೂರ್ತಿ ಉರಿಯದ ಡೀಸೆಲ್ಲಿನ ಮಸಿ. ಒಂದೋ ಡೀಸೆಲ್ ಜಾಸ್ತಿ ಹೋಗ್ತಿದೆ, ಇಲ್ಲಾ ಗಾಳಿ ಸಾಲ್ತಿಲ್ಲ. ನೀಲಿ ಹೊಗೆಯಾದ್ರೆ ಇಂಜಿನ್ ಆಯಿಲ್ ಉರೀತಿದೆ ಅಂತ, ಅದು ಬೇರೆ ಕಥೆ. ಗಾಳಿ ಕಡೆ ನೋಡೋಕೆ ಖರ್ಚಿಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡಿದ್ವಿ.

ಏರ್ ಫಿಲ್ಟರಿನಲ್ಲಿ ಧೂಳಿತ್ತು, ಆದ್ರೆ ಕಟ್ಟಿಕೊಂಡಿರಲಿಲ್ಲ. ಆಮೇಲೆ ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್. ಮೇಲಿಂದ ಚೆನ್ನಾಗೇ ಕಾಣ್ತಿತ್ತು. ಅಡಿಗೆ ಕೈ ಹಾಕಿ ಸವರಿದ್ರೆ ಎಣ್ಣೆ ಪಸೆ, ಬೆರಳುದ್ದದ ಸೀಳು! ಲೋಡ್ ಬಿದ್ದು ಟರ್ಬೋ ಒತ್ತಡ ಏರಿದಾಗ ಆ ಸೀಳು ಬಾಯಿ ಬಿಡುತ್ತೆ. ಗಾಳಿ ಹೊರಗೆ ಹೋಗುತ್ತೆ, ಡೀಸೆಲ್ ಮಾತ್ರ ಬರ್ತಾನೇ ಇರುತ್ತೆ. ಮನೆ ಮುಂದೆ ನಿಲ್ಲಿಸಿ ಸ್ಟಾರ್ಟ್ ಮಾಡಿದಾಗ ಹೊಗೆ ಕಾಣದೇ ಇದ್ದದ್ದು ಇದಕ್ಕೇ.

ಹೋಸ್ ಬದಲಿಸಿದ್ವಿ, ಜೀಪು ಮತ್ತೆ ಘಾಟಿ ಹತ್ತಿತು. ನೀವೂ ನೋಡೋದಾದ್ರೆ ಇಂಜಿನ್ ತಣ್ಣಗಾದ ಮೇಲೆ ಕೈ ಹಾಕಿ. ಹೋಸ್ ಸರಿ ಇದ್ದೂ ಹೊಗೆ ನಿಲ್ಲದಿದ್ರೆ, ಆಗ ಇಂಜೆಕ್ಟರ್ ಟೆಸ್ಟಿಗೆ ಕೊಡಿ.