ಮನೆಯಲ್ಲೇ ಕುಳಿತು 'ಮನೆಗೆ ಹೋಗೋಣ' ಎಂದರೆ...

ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ತಾಯಿ ಸೆರಗು ಸರಿಪಡಿಸಿಕೊಂಡು ಏಳುತ್ತಿದ್ದರು. 'ಹೊತ್ತಾಯ್ತು, ಮನೆಗೆ ಹೋಗೋಣ ನಡಿಯಪ್ಪ.' ತುಮಕೂರಿನ ಇದೇ ಮನೆಯಲ್ಲಿ ಅವರು ಇಪ್ಪತ್ತು ವರ್ಷ ಕಳೆದಿದ್ದರು! ಮೊದಮೊದಲು ಅವರು ಕೇಳುತ್ತಿದ್ದುದು ಸಂಸಾರ ಮಾಡಿದ ಗುಬ್ಬಿಯ ಮನೆಯನ್ನು. ಕೊನೆಗೊಮ್ಮೆ ಅಲ್ಲಿಗೇ ಕರೆದೊಯ್ದೆ. ಬಾಗಿಲ ಮುಂದೆ ನಿಂತು 'ಇದಲ್ಲ' ಎಂದರು. ಅಷ್ಟರಲ್ಲಿ ಅವರ 'ಮನೆ' ಕುಣಿಗಲ್ಲಿನ ತವರಾಗಿತ್ತು. ಹೀಗೇಕಾಗುತ್ತದೆ?

ನಮ್ಮ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಹೊಸ ನೆನಪುಗಳು ನೆಲೆಯೂರಲು ಇದು ಅಗತ್ಯ. ಇಲಿಯು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಚುರುಕಾಗುವ 'ಸ್ಥಳಕೋಶ'ಗಳನ್ನು ಜಾನ್ ಓಕೀಫ್ 1971ರಲ್ಲಿ ಇಲ್ಲಿ ಗುರುತಿಸಿದರು. ಇದರ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ, ಗ್ರಾಫ್ ಹಾಳೆಯ ಚೌಕಗಳಂತೆ ಜಾಗವನ್ನು ಅಳೆಯಲು ನೆರವಾಗುವ ಜೀವಕೋಶಗಳಿರುವುದನ್ನು ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್ 2005ರಲ್ಲಿ ತೋರಿಸಿದರು. ಈ ಮೂವರಿಗೂ 2014ರ ನೊಬೆಲ್ ಪ್ರಶಸ್ತಿ ಸಂದಿತು.

ಅಲ್ಜೈಮರ್ ಕಾಯಿಲೆಯ ಹಾನಿ ಸಾಮಾನ್ಯವಾಗಿ ಬಹು ಬೇಗ ತಟ್ಟುವುದು ಈ ಭಾಗಗಳಿಗೇ. ಆದ್ದರಿಂದ ಈಚಿನ ಮನೆಯ ನಕ್ಷೆ ಮೊದಲು ಮಾಸುತ್ತದೆ. ಬಾಲ್ಯದ ಮನೆ ಬಹುಕಾಲ ಉಳಿಯುತ್ತದೆ. ಹೊಸ ನೆನಪು ಮೊದಲು, ಹಳೆಯದು ಆಮೇಲೆ ಅಳಿಯುವ ಈ ಕ್ರಮವನ್ನು ಫ್ರಾನ್ಸಿನ ಥಿಯೊಡ್ಯೂಲ್ ರಿಬೊ 1881ರಲ್ಲೇ ವಿವರಿಸಿದ್ದರು.

ದೂರ, ದಿಕ್ಕುಗಳನ್ನು ಅಳೆಯಲು ಭೌತವಿಜ್ಞಾನದಲ್ಲಿ ಒಂದು ಮೂಲಬಿಂದು ಬೇಕು. ಮನುಷ್ಯನಿಗೆ ಮನೆಯೇ ಆ ಬಿಂದು. ಅದು ಹಿಂದಕ್ಕೆ ಸರಿದವರಿಗೆ ಸುತ್ತಲಿನದೆಲ್ಲ ಪರಸ್ಥಳ. ಸಂಜೆ ದಣಿವು ಹೆಚ್ಚಿ ಬೆಳಕು ಕುಂದಿದಾಗ ಈ ಗೊಂದಲ ಇನ್ನೂ ಹೆಚ್ಚುವುದುಂಟು. ಇದು ತಿಳಿಯದೆ, 'ಇದೇ ಕಣಮ್ಮ ನಮ್ಮನೆ' ಎಂದು ವಾದಿಸಿ ಅವರ ಕಣ್ಣಲ್ಲಿ ನೀರು ತರಿಸಿದ್ದೇನೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ವಾದಿಸಬೇಡಿ. 'ಮನೆಗೆ ಹೋಗೋಣ' ಎಂಬುದರ ಅರ್ಥ ಎಷ್ಟೋ ಸಲ 'ನನಗೆ ಭಯವಾಗುತ್ತಿದೆ' ಎಂದಷ್ಟೇ. ಕತ್ತಲಾಗುವ ಮುನ್ನವೇ ದೀಪ ಹಾಕಿ. ಸಾಮಾನುಗಳ ಜಾಗ ಪದೇ ಪದೇ ಬದಲಿಸಬೇಡಿ. ಫೋನ್ ನಂಬರ್ ಬರೆದ ಚೀಟಿ ಅವರ ಬಳಿ ಸದಾ ಇರಲಿ. ಗೊಂದಲ ಒಮ್ಮೆಲೇ ಹೆಚ್ಚಿದರೆ ಸೋಂಕು ಅಥವಾ ಔಷಧಿಯೂ ಕಾರಣವಿರಬಹುದು. ತಡಮಾಡದೆ ವೈದ್ಯರನ್ನು ಕಾಣಿ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಕೊನೆಯ ವರ್ಷ ನಾನು ವಾದ ಬಿಟ್ಟೆ. 'ಹೋಗೋಣಮ್ಮ. ಕುಣಿಗಲ್ ಕೆರೆ ಈ ಸಲ ತುಂಬಿದೆಯಾ?' ಎಂದು ಕೇಳುತ್ತಿದ್ದೆ. ಕೆರೆಯ ಮಾತು ಶುರುವಾದರೆ ಅವರು ಮತ್ತೆ ಕುಳಿತುಕೊಳ್ಳುತ್ತಿದ್ದರು. ಅಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು.