ಸವೆದ ನಾಣ್ಯದ ಮೇಲಿನ ಮುಖ ಯಾರದು?

ಪ್ರಶ್ನೆ: ಹಳೆಯ ಬೆಳ್ಳಿಯ ನಾಣ್ಯವೊಂದರಲ್ಲಿ ಒಂದು ತಲೆಯೂ ಕೆಲವು ರೋಮನ್ ಅಕ್ಷರಗಳೂ ಮಾತ್ರ ಉಳಿದಿವೆ. ಅದು ಯಾವ ಅರಸನದೆಂದು ತಿಳಿಯುವುದು ಹೇಗೆ?

ಉತ್ತರ: ಮೊದಲಾಗಿ, ಅದನ್ನು ಹುಣಸೆಹಣ್ಣಿನಿಂದ ತಿಕ್ಕುವ ಆತುರವನ್ನು ದಯವಿಟ್ಟು ಬಿಡಿ, ಶತಮಾನಗಳು ಉಳಿಸಿಕೊಟ್ಟುದನ್ನು ಒಂದು ಗಳಿಗೆಯ ಉಜ್ಜಾಟ ಅಳಿಸಿಬಿಡುವುದು. ಮಬ್ಬುಗತ್ತಲೆಯ ಕೋಣೆಯಲ್ಲಿ ದೀಪವನ್ನು ಓರೆಯಾಗಿ ಹಿಡಿದು ನಾಣ್ಯವನ್ನು ಮೆಲ್ಲನೆ ತಿರುಗಿಸುತ್ತ ಹೋದರೆ, ಅಗೋಚರವಾಗಿದ್ದ ಗೆರೆಗಳು ತಮ್ಮ ನೆರಳಿನಿಂದಲೇ ವ್ಯಕ್ತವಾಗುವುವು.

ನಮ್ಮ ಚಂದ್ರವಳ್ಳಿಯಲ್ಲಿ ದೊರೆತಂಥ ಡಿನೇರಿಯಸ್ ಎಂಬ ರೋಮನ್ ಬೆಳ್ಳಿಯ ನಾಣ್ಯವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಉಬ್ಬಿದ ಭಾಗವೇ ಮೊದಲು ಸವೆಯುವುದರಿಂದ ಕೆನ್ನೆಯೂ ಕಿವಿಯ ಮೇಲಣ ಕೂದಲೂ ಮಾಸಿಹೋಗಿದ್ದು, ಹಣೆ, ಮೂಗು, ಗದ್ದಗಳ ಹೊರರೇಖೆ ಮಾತ್ರ ನಿಂತಿರುವುದುಂಟು; ಆ ಸ್ಥಿತಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸನನ್ನೂ ಟೈಬೀರಿಯಸನನ್ನೂ ಮುಖದಿಂದಲೇ ಬೇರ್ಪಡಿಸುವುದು ಕಷ್ಟಸಾಧ್ಯ. ಆದುದರಿಂದ ಹಿಂಬದಿಯನ್ನು ನೋಡತಕ್ಕದ್ದು. ಅಲ್ಲಿ ರಾಜದಂಡವನ್ನೂ ರೆಂಬೆಯನ್ನೂ ಹಿಡಿದು ಬಲಕ್ಕೆ ತಿರುಗಿ ಕುಳಿತ ಸ್ತ್ರೀಮೂರ್ತಿಯ ಛಾಯೆಯಿದ್ದು, ಅಂಚಿನಲ್ಲಿ ಮಹಾಪುರೋಹಿತನೆಂಬ ಅರ್ಥದ 'ಪಾಂಟಿಫ್ ಮ್ಯಾಕ್ಸಿಮ್' ಎಂಬ ಬಿರುದಿನ ನಾಲ್ಕಾರು ಅಕ್ಷರಗಳಾದರೂ ಕಂಡರೆ, ಅದು ಬಹುಮಟ್ಟಿಗೆ ಕ್ರಿ. ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸನದು. ಅದಕ್ಕೆ ಬದಲಾಗಿ, ಗುರಾಣಿ ಭರ್ಜಿಗಳನ್ನು ನಡುವೆ ಇರಿಸಿಕೊಂಡು ನಿಂತ ತರುಣರಿಬ್ಬರಿದ್ದರೆ, ಅವರು ಅಗಸ್ಟಸನ ದತ್ತುಪುತ್ರರಾದ ಗೈಯಸ್ ಮತ್ತು ಲೂಸಿಯಸ್, ನಾಣ್ಯವೂ ಅವನದೇ. ಅಕ್ಷರಗಳನ್ನು ಓದುವಾಗ, ಆ ಕಾಲದ ಲಿಪಿಯಲ್ಲಿ 'ಯು' ಇರಬೇಕಾದ ಎಡೆಯಲ್ಲಿ 'ವಿ' ಇರುವುದೆಂಬುದನ್ನು ಮರೆಯಬಾರದು; ಮರೆತರೆ, ಸವೆಯದೆ ಉಳಿದ 'ಎ, ವಿ, ಜಿ' ಎಂಬ ಮೂರಕ್ಷರ ಅಗಸ್ಟಸ್ ಎಂಬುದರ ಸಂಕ್ಷೇಪವೆಂದು ಹೊಳೆಯದು.