ಪ್ರಯೋಗದ ಔಷಧ: ರೋಗಿಯ ಹಕ್ಕೆಷ್ಟು, ರಾಜಕಾರಣಿಯ ಲೆಕ್ಕವೆಷ್ಟು?

ಮಾರುಕಟ್ಟೆಗೆ ಇನ್ನೂ ಬಾರದ ಔಷಧವನ್ನು ಸಾವಿನಂಚಿನಲ್ಲಿರುವ ರೋಗಿ ಕೇಳಿ ಪಡೆಯಬಹುದೇ? ಅಮೆರಿಕ ಈ ಪ್ರಶ್ನೆಗೆ 2018ರ ಮೇ 30ರಂದು ಕಾನೂನಿನ ಮೂಲಕ ಉತ್ತರ ನೀಡಿತು. ‘ರೈಟ್ ಟು ಟ್ರೈ’, ಅಂದರೆ ಯತ್ನಿಸುವ ಹಕ್ಕಿನ ಕಾಯ್ದೆಗೆ ಅಂದು ಸಹಿ ಹಾಕಿದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಇದರಿಂದ ಲಕ್ಷಾಂತರ ಜೀವಗಳು ಉಳಿಯಲಿವೆ ಎಂದರು. ನಂತರದ ಚುನಾವಣಾ ಭಾಷಣಗಳಲ್ಲಿ, ಸಾವಿರಾರು ಜನ ಈಗಾಗಲೇ ಬದುಕುಳಿದಿದ್ದಾರೆ ಎಂದೂ ಹೇಳಿಕೊಂಡರು. ಈ ಮಾತಿನ ತೂಕ ತಿಳಿಯಬೇಕಾದರೆ, ಕಾಯ್ದೆ ಬರುವ ಮುನ್ನ ರೋಗಿಗೆ ಅಡ್ಡಿಯಾಗಿದ್ದುದು ಯಾವುದು ಎಂಬುದನ್ನು ನೋಡಬೇಕು.

ಮೊದಲೇ ಇದ್ದ ದಾರಿ

ಬೇರೆ ಚಿಕಿತ್ಸೆಯಿಲ್ಲದ ರೋಗಿಗೆ ಪ್ರಾಯೋಗಿಕ ಔಷಧ ನೀಡುವ ವ್ಯವಸ್ಥೆ ಅಮೆರಿಕದಲ್ಲಿ ದಶಕಗಳಿಂದಲೂ ಇದೆ. ಅದರ ಹೆಸರು ‘ಎಕ್ಸ್‌ಪ್ಯಾಂಡೆಡ್ ಆಕ್ಸೆಸ್’. ವೈದ್ಯರು ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ (ಎಫ್‌ಡಿಎ) ಅರ್ಜಿ ಸಲ್ಲಿಸುತ್ತಾರೆ. ತುರ್ತಿದ್ದರೆ ದೂರವಾಣಿಯಲ್ಲೇ ಅನುಮತಿ ದೊರೆಯುತ್ತದೆ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ನೀಡಿದ ವರದಿಯ ಪ್ರಕಾರ, 2012ರಿಂದ 2015ರವರೆಗಿನ ಹಣಕಾಸು ವರ್ಷಗಳಲ್ಲಿ ಬಂದ ಸುಮಾರು 5,800 ಕೋರಿಕೆಗಳಲ್ಲಿ ಶೇ 99ರಷ್ಟಕ್ಕೆ ಅನುಮತಿ ದೊರೆತಿತ್ತು.

ಅಂದರೆ ರೋಗಿಯನ್ನು ತಡೆದು ನಿಲ್ಲಿಸಿದ್ದು ಬಹುಪಾಲು ಸರ್ಕಾರಿ ಕಚೇರಿಯಲ್ಲ. ಔಷಧ ಕೊಡಲು ಕಂಪನಿ ಒಪ್ಪಬೇಕು. ಅದು ಒಪ್ಪದಿದ್ದರೆ ಎಫ್‌ಡಿಎ ಅನುಮತಿಯಿಂದ ಪ್ರಯೋಜನವಿಲ್ಲ.

ಕಾಯ್ದೆ ಬದಲಿಸಿದ್ದೇನು?

ಮೊದಲ ಹಂತದ ಪ್ರಯೋಗ ಮುಗಿಸಿದ ಔಷಧವನ್ನು ಎಫ್‌ಡಿಎ ಅನುಮತಿಯಿಲ್ಲದೆ ಮಾರಣಾಂತಿಕ ಕಾಯಿಲೆಯ ರೋಗಿಗೆ ನೀಡಲು ಹೊಸ ಕಾಯ್ದೆ ಅವಕಾಶ ಕಲ್ಪಿಸಿತು. ಆದರೆ ಔಷಧ ಕೊಡಲೇಬೇಕೆಂದು ಕಂಪನಿಯನ್ನು ಅದು ಕಟ್ಟಿಹಾಕುವುದಿಲ್ಲ. ವೆಚ್ಚ ಭರಿಸಬೇಕೆಂದು ವಿಮಾ ಸಂಸ್ಥೆಗೂ ಹೇಳುವುದಿಲ್ಲ.

ಮೊದಲ ಹಂತವೆಂದರೆ ಕೆಲವೇ ಹತ್ತು ಜನರ ಮೇಲೆ ಪ್ರಮಾಣ ಮತ್ತು ಸುರಕ್ಷತೆಯನ್ನು ಪರೀಕ್ಷಿಸುವ ಘಟ್ಟ. ಔಷಧ ರೋಗವನ್ನು ವಾಸಿ ಮಾಡುತ್ತದೆಯೇ ಎಂಬುದು ಅಲ್ಲಿ ಸಾಬೀತಾಗಿರುವುದಿಲ್ಲ. ಈ ಹಂತಕ್ಕೆ ಕಾಲಿಡುವ ಹತ್ತು ಔಷಧಗಳಲ್ಲಿ ಕೊನೆಗೆ ಮಾನ್ಯತೆ ಪಡೆಯುವುದು ಸುಮಾರು ಒಂದು ಮಾತ್ರ.

ಒಂದು ನಿದರ್ಶನ

ಸ್ನಾಯುಗಳನ್ನು ಕ್ರಮೇಣ ನಿಷ್ಕ್ರಿಯಗೊಳಿಸುವ ಎಎಲ್‌ಎಸ್ ಎಂಬ ನರರೋಗಕ್ಕೆ ಬ್ರೈನ್‌ಸ್ಟಾರ್ಮ್ ಕಂಪನಿ ‘ನರ್‌ಓನ್’ ಎಂಬ ಕೋಶ ಚಿಕಿತ್ಸೆಯನ್ನು ರೂಪಿಸಿತ್ತು. ಕಾಯ್ದೆ ಬಂದಾಗ ರೋಗಿಗಳು ಆಸೆಯಿಂದ ಅದರತ್ತ ನೋಡಿದರು. ಆದರೆ ಹಣಕಾಸಿನ ಕೊರತೆಯ ಕಾರಣ ನೀಡಿ, ಕಾಯ್ದೆಯಡಿ ಚಿಕಿತ್ಸೆ ಒದಗಿಸಲಾಗದು ಎಂದು 2018ರ ಜೂನ್‌ನಲ್ಲಿ ಕಂಪನಿ ತಿಳಿಸಿತು. ಆಮೇಲೆ ಒಬ್ಬ ರೋಗಿಗೆ ಅದು ದೊರೆಯಿತು. ತಮಗೆ ಗುಣ ಕಂಡಿದೆ ಎಂದು ಅವರು ಹೇಳಿದರು. ಆದರೆ 2020ರ ನವೆಂಬರ್‌ನಲ್ಲಿ ಹೊರಬಂದ ಮೂರನೇ ಹಂತದ ಪ್ರಯೋಗದ ಫಲಿತಾಂಶದಲ್ಲಿ ನಿರೀಕ್ಷಿತ ಪರಿಣಾಮ ಕಾಣಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಸಲಹಾ ಸಮಿತಿಯ 17 ಸದಸ್ಯರು ಅದರ ವಿರುದ್ಧ ಮತ ಹಾಕಿದರು; ಪರವಾಗಿ ಬಿದ್ದದ್ದು ಒಂದೇ ಮತ. ಒಬ್ಬರ ಅನುಭವ ಎಷ್ಟೇ ಪ್ರಾಮಾಣಿಕವಾಗಿದ್ದರೂ ಪ್ರಯೋಗದ ಸ್ಥಾನವನ್ನು ಅದು ತುಂಬಲಾರದು.

ಲೆಕ್ಕ ಎಲ್ಲಿದೆ?

ಕಾಯ್ದೆಯಡಿ ಎಷ್ಟು ರೋಗಿಗಳಿಗೆ ಔಷಧ ನೀಡಲಾಯಿತು, ಅಡ್ಡ ಪರಿಣಾಮಗಳೇನು ಎಂದು ಕಂಪನಿಗಳು ಎಫ್‌ಡಿಎಗೆ ವರದಿ ಸಲ್ಲಿಸಬೇಕು. ಬದುಕುಳಿದವರ ಎಣಿಕೆ ಅದರ ಭಾಗವಲ್ಲ. ಹೀಗಿರುವಾಗ ‘ಸಾವಿರಾರು ಜೀವ’ ಎಂಬ ಅಂಕಿಗೆ ಈ ವರದಿಗಳಲ್ಲಿ ಆಧಾರ ಸಿಗದು. ಕಾಯ್ದೆಯಿಂದ ಯಾರಿಗೂ ಉಪಯೋಗವಾಗಿಲ್ಲ ಎಂದು ಇದರರ್ಥವಲ್ಲ. ಲೆಕ್ಕವಿಲ್ಲದ ಸಂಖ್ಯೆಯನ್ನು ಸಾಧನೆಯೆಂದು ಸಾರುವುದು ಸರಿಯಲ್ಲ ಎಂಬುದಷ್ಟೇ ಇಲ್ಲಿನ ಮಾತು.

2020ರ ಅಕ್ಟೋಬರ್‌ನಲ್ಲಿ ಕೋವಿಡ್ ತಗುಲಿದಾಗ ಸ್ವತಃ ಟ್ರಂಪ್ ಅವರೇ ರೀಜೆನೆರಾನ್ ಕಂಪನಿಯ ಪ್ರಾಯೋಗಿಕ ಪ್ರತಿಕಾಯ ಔಷಧ ಪಡೆದರು. ಅದು ದೊರೆತದ್ದು ರೈಟ್ ಟು ಟ್ರೈ ಅಡಿಯಲ್ಲಲ್ಲ, ಎಫ್‌ಡಿಎ ಅನುಮತಿಯ ಹಳೆಯ ದಾರಿಯಲ್ಲೇ ಎಂಬುದು ಗಮನಾರ್ಹ.

ಭಾರತದಲ್ಲಿ ಹೇಗೆ?

ನಮ್ಮಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಇದಕ್ಕೆ ಅವಕಾಶ ನೀಡಿವೆ. ಇಲ್ಲಿ ಮಾನ್ಯತೆಯಿಲ್ಲದ, ಆದರೆ ತಯಾರಾದ ದೇಶದಲ್ಲಿ ಮಾನ್ಯತೆ ಪಡೆದ ಔಷಧವನ್ನು ಗಂಭೀರ ಕಾಯಿಲೆಯ ರೋಗಿಗಾಗಿ ಸರ್ಕಾರಿ ಆಸ್ಪತ್ರೆ ಆಮದು ಮಾಡಿಕೊಳ್ಳಬಹುದು. ಅರ್ಜಿ ಹೋಗಬೇಕಾದದ್ದು ಕೇಂದ್ರ ಔಷಧ ನಿಯಂತ್ರಣ ಪ್ರಾಧಿಕಾರಕ್ಕೆ. ಮೂರನೇ ಹಂತದ ಪ್ರಯೋಗದಲ್ಲಿರುವ ಔಷಧಕ್ಕೂ 2020ರ ತಿದ್ದುಪಡಿ ದಾರಿ ಮಾಡಿಕೊಟ್ಟಿತು.

ಹಾಗಾಗಿ ಆರೋಗ್ಯದ ಕುರಿತು ಯಾವ ನಾಯಕರು ಹೆಮ್ಮೆಪಟ್ಟರೂ ಓದುಗರು ಮೂರು ಪ್ರಶ್ನೆ ಕೇಳಬಹುದು: ಮೊದಲು ಅಡ್ಡಿಯಾಗಿದ್ದುದೇನು? ಹೊಸ ಕ್ರಮ ಆ ಅಡ್ಡಿಯನ್ನೇ ತೆಗೆಯಿತೇ? ಹೇಳುವ ಸಂಖ್ಯೆಯನ್ನು ಎಣಿಸಿದವರು ಯಾರು? ಕೊನೆಯ ಭರವಸೆಯನ್ನು ಅರಸುತ್ತಿರುವ ಕುಟುಂಬಕ್ಕೆ ಇವುಗಳ ಉತ್ತರ ಭಾಷಣಕ್ಕಿಂತ ಹೆಚ್ಚು ಮುಖ್ಯ.